ದೂರದ ಬೆಟ್ಟ ಮತ್ತು ಜಲವರ್ಣ: ಎಡ್ವರ್ಡ್ ಲಿಯರನ ಪ್ರವಾಸ ಚಿತ್ರಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ದೇಶ ಸುತ್ತಿ ಬಂದವನು ತಾನು ಕಂಡುದನ್ನು ಊರಿನವರಿಗೆ ಹೇಳುತ್ತಾನೆ; ಬರೆಯಬಲ್ಲವನು ಬರೆದಿಡುತ್ತಾನೆ; ಕುಂಚ ಹಿಡಿಯಬಲ್ಲವನು ಚಿತ್ರಿಸಿ ತೋರಿಸುತ್ತಾನೆ. ಇಂದು ಜೇಬಿನಲ್ಲಿರುವ ಮೊಬೈಲು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹತ್ತು ಚಿತ್ರಗಳನ್ನು ಹಿಡಿದುಕೊಡುವುದರಿಂದ, ಒಂದು ಬೆಟ್ಟದ ಚಿತ್ರಕ್ಕಾಗಿ ಒಬ್ಬ ಮನುಷ್ಯ ಬಿಸಿಲಿನಲ್ಲಿ ಗಂಟೆಗಟ್ಟಲೆ ಕುಳಿತಿರುತ್ತಿದ್ದನೆಂದರೆ ನಮಗೆ ಸೋಜಿಗವಾಗುತ್ತದೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಹೀಗೆ ಕುಳಿತವರು ಒಬ್ಬಿಬ್ಬರಲ್ಲ. ಅವರಲ್ಲಿ ಬಹು ಪ್ರಸಿದ್ಧನಾದ ಎಡ್ವರ್ಡ್ ಲಿಯರ್ ಎಂಬ ಆಂಗ್ಲ ಕಲಾವಿದನು 1874ರಲ್ಲಿ ನಮ್ಮ ಬೆಂಗಳೂರಿಗೂ ಬಂದು ಹೋದನು. ಆತನ ಜಲವರ್ಣ ಚಿತ್ರಗಳು ಎಂತಹವು, ಅವುಗಳಿಂದ ನಾವು ಕಲಿಯಬೇಕಾದುದೇನು, ಅವುಗಳಲ್ಲಿ ಕಾಣದೆ ಉಳಿದುದೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಜಲವರ್ಣದ ಪ್ರಕೃತಿ ಚಿತ್ರಗಳ ಮಟ್ಟಿಗೆ ಇದು ಗಾದೆಯಷ್ಟೇ ಅಲ್ಲ, ಕಲೆಯ ನಿಯಮವೂ ಹೌದು. ಹತ್ತಿರದ ಬಂಡೆಯ ಬಿರುಕು, ಪೊದೆ, ನೆರಳು ಸ್ಪಷ್ಟವಾಗಿ ಕಾಣುತ್ತವೆ. ದೂರ ಹೋದಂತೆಲ್ಲ ನಡುವಿನ ಗಾಳಿ, ಧೂಳು, ಹಬೆಗಳಿಂದಾಗಿ ಬಣ್ಣ ತಿಳಿಯಾಗಿ ನೀಲಿಗೆ ತಿರುಗುತ್ತದೆ. ಬಿರುಕುಗಳೆಲ್ಲ ಮಾಯವಾಗಿ ಬೆಟ್ಟ ನುಣುಪಾಗುತ್ತದೆ. ಈ ನುಣುಪನ್ನು ತೋರಿಸುವುದರಲ್ಲಿ ಜಲವರ್ಣಕ್ಕೆ ಸರಿಗಟ್ಟುವ ಸಾಧನ ಮತ್ತೊಂದಿಲ್ಲ. ಇದೇ ಅದರ ಸೊಬಗು. ಇದೇ ಅದರ ಮಿತಿಯೂ ಹೌದೆಂಬುದನ್ನು ಮುಂದೆ ನೋಡೋಣ.

ಜಲವರ್ಣವೇ ಏಕೆ?

ಪ್ರವಾಸಿ ಕಲಾವಿದರು ತೈಲವರ್ಣವನ್ನು ಬಿಟ್ಟು ಜಲವರ್ಣವನ್ನು ಹಿಡಿದುದಕ್ಕೆ ಕಾರಣ ಸರಳವಾಗಿದೆ. ಎಣ್ಣೆಯ ಬಣ್ಣ ಒಣಗಲು ದಿನಗಳು ಬೇಕು. ಅದಕ್ಕೆ ಚೌಕಟ್ಟಿಗೆ ಬಿಗಿದ ಬಟ್ಟೆ ಬೇಕು, ಹೊರಲು ಆಳು ಬೇಕು. ಜಲವರ್ಣಕ್ಕೆ ಬೇಕಾದುದು ಕಾಗದ, ಒಂದೆರಡು ಕುಂಚ, ಒಂದು ಸಣ್ಣ ಬಣ್ಣದ ಪೆಟ್ಟಿಗೆ ಮತ್ತು ಒಂದು ಲೋಟ ನೀರು. ಬಣ್ಣದ ಪುಡಿಯನ್ನು ಗೋಂದಿನೊಡನೆ ಅರೆದು ಬಿಲ್ಲೆ ಮಾಡಿರುತ್ತಾರೆ. ಹಿಂದೆ ಈ ಬಿಲ್ಲೆಗಳು ಕಲ್ಲಿನಂತೆ ಗಟ್ಟಿಯಾಗಿದ್ದು, ಗಂಧ ತೇಯ್ದಂತೆ ತೇಯಬೇಕಾಗಿತ್ತು. 1835ರಲ್ಲಿ ಲಂಡನ್ನಿನ ವಿನ್ಸರ್ ಅಂಡ್ ನ್ಯೂಟನ್ ಕಂಪನಿಯವರು ಗ್ಲಿಸರಿನ್ ಬೆರೆಸಿದ ಮೆತ್ತನೆಯ ಬಣ್ಣಗಳನ್ನು ಹೊರತಂದರು. ಒದ್ದೆ ಕುಂಚ ತಾಗಿಸಿದರೆ ಸಾಕು, ಬಣ್ಣ ಬರುವಂತಾಯಿತು. ಬಯಲಿನಲ್ಲಿ ಕುಳಿತು ಚಿತ್ರ ಬರೆಯುವವರಿಗೆ ಇದು ದೊಡ್ಡ ಅನುಕೂಲವಾಯಿತು.

ಜಲವರ್ಣದ ಮುಖ್ಯ ಗುಣ ಅದರ ಪಾರದರ್ಶಕತೆ. ತೆಳುವಾಗಿ ಹರಡಿದ ಬಣ್ಣದ ಮೂಲಕ ಬೆಳಕು ಹಾಯ್ದು, ಕೆಳಗಿನ ಬಿಳಿಯ ಕಾಗದಕ್ಕೆ ತಾಗಿ ಮರಳಿ ನಮ್ಮ ಕಣ್ಣಿಗೆ ಬರುತ್ತದೆ. ಆದುದರಿಂದ ಈ ಪದ್ಧತಿಯಲ್ಲಿ ಬಿಳಿಯ ಬಣ್ಣವೆಂದರೆ ಕಾಗದವೇ. ಕೆರೆಯ ನೀರು ಫಳಫಳಿಸಬೇಕಾದರೆ ಅಲ್ಲಿ ಬಣ್ಣ ಹಚ್ಚದೆ ಬಿಡಬೇಕು. ಹಚ್ಚಿದ ಮೇಲೆ ಅಳಿಸುವುದು ಕಷ್ಟ. ಎಲ್ಲಿ ಕೈ ತಡೆಯಬೇಕೆಂಬುದನ್ನು ಮೊದಲೇ ನಿರ್ಧರಿಸದವನು ಜಲವರ್ಣಕ್ಕೆ ಕೈ ಹಾಕಬಾರದೆಂದು ಬಲ್ಲವರು ಹೇಳುತ್ತಾರೆ. ನಮ್ಮ ಹವೆಯೂ ಈ ಕೆಲಸಕ್ಕೆ ಸುಲಭವಲ್ಲ. ಬೇಸಗೆಯಲ್ಲಿ ಬಣ್ಣ ಹರಡುವ ಮುಂಚೆಯೇ ಒಣಗಿ ಗೆರೆಗಟ್ಟುತ್ತದೆ. ಮಳೆಗಾಲದಲ್ಲಿ ಒಣಗುವುದೇ ಇಲ್ಲ.

ಲಿಯರನಿಗಿಂತ ಮುಂಚೆ

ಮೈಸೂರು ಸೀಮೆಯ ಬೆಟ್ಟಗುಡ್ಡಗಳನ್ನು ಪಾಶ್ಚಾತ್ಯರು ಚಿತ್ರಿಸಲಾರಂಭಿಸಿದುದು ಸೌಂದರ್ಯಕ್ಕಾಗಿ ಅಲ್ಲ, ಯುದ್ಧಕ್ಕಾಗಿ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದ ಜೊತೆಗೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನು ಬಂದಿದ್ದನು. ಆತನ ಮೈಸೂರು ದೃಶ್ಯಗಳ ಪುಸ್ತಕ 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅಲೆಕ್ಸಾಂಡರ್ ಅಲನ್, ಕೋಲ್‌ಬ್ರೂಕ್ ಮೊದಲಾದ ಸೇನಾಧಿಕಾರಿಗಳೂ ನಮ್ಮ ಗಿರಿದುರ್ಗಗಳ ಚಿತ್ರಗಳನ್ನು ಪ್ರಕಟಿಸಿದರು. ಕೋಟೆಯ ಗೋಡೆ ಎಲ್ಲಿ ತಗ್ಗಾಗಿದೆ, ಬೆಟ್ಟವನ್ನು ಯಾವ ಕಡೆಯಿಂದ ಏರಬಹುದು ಎಂಬುದನ್ನು ತಿಳಿಸಲು ಚಿತ್ರವು ನಕ್ಷೆಯಷ್ಟೇ ಉಪಯುಕ್ತವಾಗಿತ್ತು. ಅದಕ್ಕಾಗಿಯೇ 1809ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಇಂಗ್ಲೆಂಡಿನ ಅಡಿಸ್ಕೂಂಬಿನಲ್ಲಿ ಸ್ಥಾಪಿಸಿದ ಸೈನಿಕ ಶಾಲೆಯಲ್ಲಿ ಚಿತ್ರಕಲೆಯೂ ಪಾಠದ ಭಾಗವಾಗಿತ್ತು.

ಇಂಗ್ಲೆಂಡಿನ ಮಹಾ ಕಲಾವಿದ ಟರ್ನರನು 1800ರ ಸುಮಾರಿಗೆ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಜಲವರ್ಣದಲ್ಲಿ ಚಿತ್ರಿಸಿದನು. ಆತನು ಭಾರತವನ್ನು ಕಂಡವನೇ ಅಲ್ಲ! ಇತರರು ತಂದ ರೇಖಾಚಿತ್ರಗಳ ಆಧಾರದ ಮೇಲೆ ಕಾವೇರಿಯನ್ನು ಲಂಡನ್ನಿನಲ್ಲಿ ಹರಿಸಿದನು. ಕಾಣದ ನಾಡನ್ನೂ ಕಣ್ಣಿಗೆ ಕಟ್ಟುವಂತೆ ಬರೆಯಬಹುದಾದರೆ, ಚಿತ್ರ ಚೆನ್ನಾಗಿದೆ ಎಂದ ಮಾತ್ರಕ್ಕೆ ಅದು ನಿಜವೆಂದು ನಂಬಲಾಗದು ಎಂದಾಯಿತು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಚಿತ್ರವನ್ನು ನೆನೆಯಬಹುದು. 1799ರ ನಂತರ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿಯ ಭಾವಚಿತ್ರವನ್ನು ಥಾಮಸ್ ಹಿಕಿ ಎಂಬವನು 1816ರಲ್ಲಿ ತೈಲವರ್ಣದಲ್ಲಿ ಬರೆದನು. ಅದರಲ್ಲಿ ಸಾಹೇಬನೊಬ್ಬನೇ ನಿಂತಿಲ್ಲ. ಓಲೆಗರಿ ಹಿಡಿದ ಜೈನ ಪಂಡಿತ ಧರ್ಮಯ್ಯ, ದೂರದರ್ಶಕ ಹಿಡಿದ ಜವಾನ ಕೃಷ್ಣಾಜಿ ಮುಂತಾದ ನಮ್ಮವರೂ ಇದ್ದಾರೆ; ಹಿಂದೆ ಬೆಟ್ಟದ ಮೇಲೆ ಗೊಮ್ಮಟನ ವಿಗ್ರಹ ಕಾಣುತ್ತದೆ. ಯಾರ ನೆರವಿನಿಂದ ಈ ನಾಡನ್ನು ತಿಳಿದುಕೊಂಡನೋ ಅವರಿಗೆ ಆ ಚಿತ್ರದಲ್ಲಿ ಮುಖವಿದೆ, ಹೆಸರೂ ಉಳಿದಿದೆ. ಪ್ರವಾಸ ಚಿತ್ರಗಳ ವಿಚಾರಕ್ಕೆ ಬಂದಾಗ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಲಿಯರನ ಜೀವನ

ಎಡ್ವರ್ಡ್ ಲಿಯರನು 1812ರ ಮೇ 12ರಂದು ಲಂಡನ್ನಿನ ಬಳಿ ಹುಟ್ಟಿದನು. ತುಂಬು ಕುಟುಂಬ. ತಂದೆ ಷೇರು ವ್ಯಾಪಾರದಲ್ಲಿ ಕೈಸುಟ್ಟುಕೊಂಡಾಗ ಮನೆ ಚದುರಿತು. ಮಗುವನ್ನು ಸಾಕಿದವಳು ಇಪ್ಪತ್ತೊಂದು ವರ್ಷ ಹಿರಿಯಳಾದ ಅಕ್ಕ ಆ್ಯನ್. ಕಣ್ಣು ಮಂದ, ಗೂರಲು, ಅದರ ಮೇಲೆ ಚಿಕ್ಕಂದಿನಿಂದ ಬೆನ್ನು ಹತ್ತಿದ ಮೂರ್ಛೆರೋಗ. ಕ್ರಮವಾದ ಶಾಲಾ ಶಿಕ್ಷಣ ದೊರೆಯಲಿಲ್ಲ. ಹದಿನೈದು ಹದಿನಾರರ ವಯಸ್ಸಿನಲ್ಲೇ ಚಿತ್ರ ಬರೆದು ಹೊಟ್ಟೆ ಹೊರೆಯಬೇಕಾಯಿತು. ಇಪ್ಪತ್ತು ತುಂಬುವುದರೊಳಗೆ ಗಿಳಿಗಳನ್ನು ಕುರಿತ ಅತ್ಯುತ್ತಮ ಚಿತ್ರಸಂಪುಟವನ್ನು ಪ್ರಕಟಿಸತೊಡಗಿದ್ದನು. ನಮ್ಮ ವಯಸ್ಸಿನವರಿಗೆ ಈ ಸಂಗತಿ ಉತ್ಸಾಹವನ್ನೂ ಸ್ವಲ್ಪ ನಾಚಿಕೆಯನ್ನೂ ತರುವಂತಹುದು.

ಸೂಕ್ಷ್ಮವಾದ ಗಿಳಿಯ ಗರಿಗಳನ್ನು ಬರೆದು ಕಣ್ಣು ಸೋತ ಮೇಲೆ ಲಿಯರನು ಪ್ರಕೃತಿ ಚಿತ್ರಗಳತ್ತ ತಿರುಗಿದನು. 1837ರಲ್ಲಿ ರೋಮಿಗೆ ಹೋದವನು ಮುಂದಿನ ಆಯುಷ್ಯದ ಬಹುಭಾಗವನ್ನು ಇಟಲಿ, ಗ್ರೀಸ್, ಅಲ್ಬೇನಿಯಾ, ಈಜಿಪ್ಟ್, ಪ್ಯಾಲೆಸ್ಟೈನ್ ಮೊದಲಾದ ದೇಶಗಳನ್ನು ಸುತ್ತುವುದರಲ್ಲೇ ಕಳೆದನು. 1846ರಲ್ಲಿ ವಿಕ್ಟೋರಿಯಾ ರಾಣಿಗೆ ಕೆಲವು ಚಿತ್ರಪಾಠಗಳನ್ನು ಹೇಳಿಕೊಟ್ಟನು. ಮಕ್ಕಳಿಗಾಗಿ ಬರೆದ ಅಸಂಬದ್ಧ ಪದ್ಯಗಳ ಪುಸ್ತಕವೂ ಅದೇ ವರ್ಷ ಹೊರಬಂದಿತು. ಜಗತ್ತು ಇಂದು ಲಿಯರನನ್ನು ಹೆಚ್ಚಾಗಿ ನೆನೆಯುವುದು ಈ ಹಾಸ್ಯ ಪದ್ಯಗಳಿಂದಲೇ. ಆದರೆ ಆತನ ಅನ್ನದ ದಾರಿ ಪ್ರಕೃತಿ ಚಿತ್ರಗಳೇ ಆಗಿದ್ದವು. ರಾಣಿಗೆ ಪಾಠ ಹೇಳಿದ ನಾಲ್ಕು ವರ್ಷಗಳ ಮೇಲೆ, 38ನೆಯ ವಯಸ್ಸಿನಲ್ಲಿ, ಲಂಡನ್ನಿನ ರಾಯಲ್ ಅಕಾಡೆಮಿಯ ಶಾಲೆಗೆ ವಿದ್ಯಾರ್ಥಿಯಾಗಿ ಸೇರಿ ಹುಡುಗರ ಜೊತೆಗೆ ಕುಳಿತನು. ಕಲಿಕೆಯ ಬಗ್ಗೆ ಆತನಿಗಿದ್ದ ಹಸಿವು ಅಂಥದು.

ಭಾರತಕ್ಕೆ ಬಂದುದು

ಲಿಯರನ ಮಿತ್ರನಾದ ಲಾರ್ಡ್ ನಾರ್ಥ್‌ಬ್ರೂಕನು 1872ರಲ್ಲಿ ಭಾರತದ ವೈಸರಾಯ್ ಆಗಿ ಬಂದನು. ಆತನ ಆಹ್ವಾನವನ್ನು ಮನ್ನಿಸಿ ಅದೇ ವರ್ಷ ಹೊರಟ ಲಿಯರನು ಸೂಯೆಜ್‌ವರೆಗೆ ಬಂದು ಹಿಂದಿರುಗಿಬಿಟ್ಟನು. ಮರುವರ್ಷ ಮತ್ತೆ ಹೊರಟು 1873ರ ನವೆಂಬರಿನಲ್ಲಿ ಬೊಂಬಾಯಿಯಲ್ಲಿ ಇಳಿದನು. ಆಗ ಆತನಿಗೆ 61 ವರ್ಷ. ಜೊತೆಗಿದ್ದವನು ಗಿಯೋರ್ಗಿಯೊ ಕೊಕಾಲಿ ಎಂಬ ನಂಬಿಕೆಯ ಸೇವಕ. ಗ್ರೀಸಿನ ಕಡೆಯವನು, 1856ರಿಂದ ಜೊತೆಯಲ್ಲಿದ್ದವನು. ಇಬ್ಬರೂ ಮುಂದಿನ ಹದಿಮೂರು ಹದಿನಾಲ್ಕು ತಿಂಗಳು ಕಾಶಿ, ಕಲ್ಕತ್ತ, ಡಾರ್ಜಿಲಿಂಗ್, ಆಗ್ರಾ, ದೆಹಲಿ, ಸಿಮ್ಲಾ, ಪುಣೆ, ಹೈದರಾಬಾದ್, ಮದರಾಸು, ಮಹಾಬಲಿಪುರ, ಕಂಚಿ, ತಿರುಚಿನಾಪಳ್ಳಿ, ತಂಜಾವೂರು, ಉದಕಮಂಡಲ, ಮಲಬಾರು, ಸಿಂಹಳ ಎಂದು ಸುತ್ತಿದರು. ಈ ಸುತ್ತಾಟದ ನಡುವೆ, 1874ರ ಮಳೆಗಾಲದಲ್ಲಿ, ಬೆಂಗಳೂರಿಗೂ ಬಂದರು.

ಇಷ್ಟೆಲ್ಲ ಊರುಗಳನ್ನು ಒಂದು ವರ್ಷದಲ್ಲಿ ಸುತ್ತಲು ಸಾಧ್ಯವಾದುದು ಹೇಗೆ? 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಸಮುದ್ರದ ದಾರಿ ಹತ್ತಿರವಾಗಿತ್ತು. ಬೊಂಬಾಯಿ ಮತ್ತು ಮದರಾಸಿನ ರೈಲುದಾರಿಗಳು 1871ರಲ್ಲಿ ನಮ್ಮ ರಾಯಚೂರಿನಲ್ಲಿ ಕೂಡಿದ್ದವು. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ 1864ರಲ್ಲಿಯೇ ರೈಲು ಬಂದಿತ್ತು. ರೈಲು ಹೋದಲ್ಲಿಗೆ ಚಿತ್ರಕಾರನೂ ಹೋದನು. ಹಾಸನದ ಕಡೆಗೆ ಆಗ ರೈಲು ಇರಲಿಲ್ಲ. ಎತ್ತಿನ ಗಾಡಿಯಲ್ಲಿ ದಿನಗಟ್ಟಲೆ ಬರಬೇಕಾಗಿದ್ದ ನಮ್ಮ ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳು ಲಿಯರನ ದಾರಿಗೆ ಬೀಳಲಿಲ್ಲ. ಬೆಂಗಳೂರಿನಿಂದ ಶ್ರವಣಬೆಳಗೊಳದ ಮೂಲಕ ಹಾಸನಕ್ಕೆ ನೇರ ರೈಲು ಓಡಿದುದು 2017ರಲ್ಲಿ. ಲಿಯರನು ಬಂದು ಹೋದ 143 ವರ್ಷಗಳ ಮೇಲೆ! ಯಾವ ಊರಿನ ಚಿತ್ರ ಉಳಿದಿದೆ, ಯಾವ ಊರಿನದು ಉಳಿದಿಲ್ಲ ಎಂಬುದನ್ನು ಊರಿನ ಚೆಲುವಿಗಿಂತ ಹೆಚ್ಚಾಗಿ ದಾರಿಯೇ ನಿರ್ಣಯಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಹಾಗೆಂದು ನಮ್ಮ ಜಿಲ್ಲೆಗೆ ಯಾರೂ ಬರಲೇ ಇಲ್ಲವೆಂದಲ್ಲ. ಕ್ಯಾಪ್ಟನ್ ಓಕ್ಲಿ ಎಂಬವನು 1856ರಲ್ಲಿಯೇ ಕ್ಯಾಮರಾ ಹೊತ್ತು ಹಳೇಬೀಡಿಗೆ ಬಂದು ಹೊಯ್ಸಳೇಶ್ವರ ದೇವಾಲಯದ ಛಾಯಾಚಿತ್ರಗಳನ್ನು ತೆಗೆದನು. ಆದರೆ ಅಂದಿನ ಛಾಯಾಚಿತ್ರಕ್ಕೆ ಬಣ್ಣವಿರಲಿಲ್ಲ. ಕಲ್ಲಿನ ಕೆತ್ತನೆ ಅದರಲ್ಲಿ ಕೂದಲೆಳೆಯಷ್ಟು ನಿಖರವಾಗಿ ಬಂದರೂ, ಮುಂಗಾರಿನ ಮೋಡದ ಕಪ್ಪು, ಮಳೆ ಬಿದ್ದ ಕೆಮ್ಮಣ್ಣಿನ ಕೆಂಪು, ಎಳೆ ರಾಗಿಯ ಹಸಿರು ಅದರಲ್ಲಿ ಬರುವಂತಿರಲಿಲ್ಲ. ಕ್ಯಾಮರಾ ಬಂದ ಮೇಲೂ ಜಲವರ್ಣ ಉಳಿದುದು ಬಣ್ಣವೆಂಬ ಈ ಒಂದು ಬಲದಿಂದ.

ಆತನ ಕೆಲಸದ ರೀತಿ

ಲಿಯರನ ವಿಶೇಷವಿರುವುದು ಚಿತ್ರ ಬರೆದ ಕ್ರಮದಲ್ಲಿ. ಬೆಳಗಿನ ಜಾವ ಎದ್ದು, ತಂಪು ಹೊತ್ತಿನಲ್ಲಿ ನಡೆದು, ಒಳ್ಳೆಯ ನೋಟ ದೊರೆತಲ್ಲಿ ಕುಳಿತು ಮೊದಲು ಪೆನ್ಸಿಲಿನಿಂದ ಬೆಟ್ಟದ ಅಂಚು, ಮರಗಳ ಗುಂಪು, ದೇವಸ್ಥಾನದ ಗೋಪುರ ಇವುಗಳ ಹೊರಗೆರೆಯನ್ನು ಬೇಗಬೇಗನೆ ಎಳೆಯುತ್ತಿದ್ದನು. ಆಮೇಲೆ ಅದೇ ಕಾಗದದ ಮೇಲೆ ಬರೆಹ ಆರಂಭವಾಗುತ್ತಿತ್ತು. ಈ ಬಂಡೆ ಯಾವ ಬಣ್ಣ, ಆ ನೆರಳು ಎಷ್ಟು ಗಾಢ, ಈ ಮರ ಯಾವುದು ಎಂಬುದನ್ನೆಲ್ಲ ಆಯಾ ಸ್ಥಳದಲ್ಲಿಯೇ ಗುರುತು ಹಾಕುತ್ತಿದ್ದನು. ಅಂಚಿನಲ್ಲಿ ಊರಿನ ಹೆಸರು, ತಾರೀಖು, ಎಷ್ಟೋ ವೇಳೆ ಗಂಟೆ, ಚಿತ್ರದ ಕ್ರಮಸಂಖ್ಯೆ. ಕೆಲವು ಪದಗಳನ್ನು ಬೇಕೆಂದೇ ತಮಾಷೆಯ ಕಾಗುಣಿತದಲ್ಲಿ ಬರೆಯುತ್ತಿದ್ದನು. ಎಷ್ಟೋ ಸಲ ಅಲ್ಲಿ ಬಣ್ಣವನ್ನೇ ಹಚ್ಚುತ್ತಿರಲಿಲ್ಲ. ಬಿಡುವು ಸಿಕ್ಕ ಸಂಜೆಗಳಲ್ಲಿ, ಅಥವಾ ಎಷ್ಟೋ ತಿಂಗಳ ಮೇಲೆ ಮನೆಗೆ ಮರಳಿ, ಪೆನ್ಸಿಲಿನ ಗೆರೆಗಳ ಮೇಲೆ ಕಂದು ಮಸಿಯಿಂದ ತಿದ್ದಿ, ಟಿಪ್ಪಣಿಗಳನ್ನು ಓದಿಕೊಂಡು ತೆಳುವಾದ ಬಣ್ಣಗಳನ್ನು ಹರಡುತ್ತಿದ್ದನು. ಮಾರಾಟದ ದೊಡ್ಡ ಚಿತ್ರಗಳೂ ತೈಲಚಿತ್ರಗಳೂ ಇವುಗಳಿಂದ ಮುಂದೆ ಬೆಳೆಯುತ್ತಿದ್ದವು. 1874ರ ಜನವರಿಯಲ್ಲಿ ಡಾರ್ಜಿಲಿಂಗಿನಲ್ಲಿ ಕುಳಿತು ಬರೆದ ಕಾಂಚನಗಂಗಾ ಶಿಖರದ ರೇಖಾಚಿತ್ರಗಳಿಂದ ಮುಂದೆ ದೊಡ್ಡ ತೈಲಚಿತ್ರಗಳು ಹುಟ್ಟಿದುದು ಹೀಗೆಯೇ.

ಆದುದರಿಂದ ಲಿಯರನ ಪ್ರವಾಸದ ಜಲವರ್ಣವೆಂದರೆ ಪೂರ್ಣಗೊಂಡ ಚಿತ್ರ ಎನ್ನುವುದಕ್ಕಿಂತ, ಸಾಕ್ಷಿಯ ಹೇಳಿಕೆ ಎನ್ನುವುದು ಹೆಚ್ಚು ಸರಿ. ಇಂತಹ ದಿನ, ಇಂತಹ ಹೊತ್ತಿನಲ್ಲಿ, ಇಲ್ಲಿ ಕುಳಿತು ನಾನು ಇದನ್ನು ಕಂಡೆ ಎಂದು ಅದು ರುಜು ಹಾಕಿ ಹೇಳುತ್ತದೆ. ವಿಜ್ಞಾನದ ವಿದ್ಯಾರ್ಥಿ ಪ್ರಯೋಗಶಾಲೆಯಲ್ಲಿ ದಾಖಲೆ ಪುಸ್ತಕ ಬರೆಯುವ ಹಾಗೆ ಈ ಕಲಾವಿದನು ಬೆಟ್ಟದ ದಾಖಲೆ ಬರೆದನು. ನೂರಾರು ಸಂಖ್ಯೆಯ ಈ ಭಾರತೀಯ ಚಿತ್ರಗಳೂ ಆತನ ದಿನಚರಿಗಳೂ ಈಗ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೌಟನ್ ಗ್ರಂಥಾಲಯದಲ್ಲಿವೆ. ಭಾರತದ ದಿನಚರಿಯ ಆಯ್ದ ಭಾಗಗಳು 1953ರಲ್ಲಿ ಪುಸ್ತಕವಾಗಿ ಪ್ರಕಟವಾದವು. ಚಿತ್ರಗಳ ಪ್ರತಿಗಳನ್ನು ನಮ್ಮಂತಹವರು ಗಣಕಯಂತ್ರದ ಮುಂದೆ ಕುಳಿತು ನೋಡಲು ಇಂದು ಅವಕಾಶವಾಗಿರುವುದು ಸಂತೋಷದ ಸಂಗತಿ.

ಚಿತ್ರದಲ್ಲಿ ಕಾಣದವರು

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅಂದಿನ ಪ್ರವಾಸ ಚಿತ್ರಗಳಲ್ಲಿ ಮನುಷ್ಯರು ಇಲ್ಲವೆಂದಲ್ಲ. ಕೆಳಗಿನ ಮೂಲೆಯಲ್ಲಿ ಕೊಡ ಹೊತ್ತ ಹೆಂಗಸು, ದನ ಹೊಡೆದುಕೊಂಡು ಹೋಗುವ ಹುಡುಗ, ಮರದ ಬುಡದಲ್ಲಿ ಕುಳಿತ ಮುದುಕ ಹೀಗೆ ಹೆಬ್ಬೆರಳಿಗಿಂತ ಚಿಕ್ಕ ಆಕಾರಗಳು ಇರುತ್ತವೆ. ಅವರ ಕೆಲಸ ಎರಡೇ: ಮರ ಎಷ್ಟು ಎತ್ತರವೆಂದು ಅಳತೆ ತೋರಿಸುವುದು, ಮತ್ತು ಹಸಿರಿನ ನಡುವೆ ಒಂದು ಕೆಂಪು ಚುಕ್ಕೆಯಾಗಿ ಕಣ್ಣಿಗೆ ತಂಪು ಕೊಡುವುದು. ಮರದ ಹೆಸರನ್ನು ಕೇಳಿ ಬರೆದುಕೊಂಡ ಕಲಾವಿದನು ಅದರಡಿಯಲ್ಲಿ ಕುಳಿತವನ ಹೆಸರನ್ನು ಸಾಮಾನ್ಯವಾಗಿ ಕೇಳುವುದಿಲ್ಲ.

ಇದಕ್ಕೆ ಲಿಯರನ ದುಷ್ಟತನ ಕಾರಣವಲ್ಲ. ಆತನು ಮೃದು ಸ್ವಭಾವದವನು. ಅಧಿಕಾರಿಗಳ ಆಡಂಬರ ಆತನಿಗೆ ಹಿಡಿಸುತ್ತಿರಲಿಲ್ಲ. ಕಲ್ಕತ್ತದ ವೈಸರಾಯ್ ಭವನದ ಗಡಿಬಿಡಿಯನ್ನು ಕಂಡು ಆ ಊರಿಗೇ ಒಂದು ತಮಾಷೆಯ ಅಡ್ಡಹೆಸರನ್ನು ಇಟ್ಟಿದ್ದನು. ಆದರೆ ನಮ್ಮ ಭಾಷೆಗಳು ಆತನಿಗೆ ಬರುತ್ತಿರಲಿಲ್ಲ. 1874ರಲ್ಲಿ ಬೊಂಬಾಯಿಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ‘ಕಮ್ಮರ್‌ಬಂಡ್’ ಎಂಬ ಹಾಸ್ಯ ಪದ್ಯದಲ್ಲಿ, ದೋಬಿ ಎಂದರೆ ಕುಳಿತುಕೊಳ್ಳುವ ಪೀಠವೋ ಎಂಬಂತೆ, ಪಂಕಾ ಎಂದರೆ ಮಾತನಾಡುವ ಜೀವಿಯೋ ಎಂಬಂತೆ ನಮ್ಮ ಪದಗಳನ್ನು ತಲೆಕೆಳಗು ಮಾಡಿ ಆಟವಾಡಿದನು. ಓದಿದರೆ ನಗು ಬರುತ್ತದೆ. ನಕ್ಕ ಮೇಲೆ, ಬಟ್ಟೆ ಒಗೆಯುವವನ ಹೆಸರು ಪೀಠದ ಹೆಸರಾದರೂ ಆ ಓದುಗರಿಗೆ ವ್ಯತ್ಯಾಸವೇನೂ ಆಗುತ್ತಿರಲಿಲ್ಲವಲ್ಲ ಎಂಬ ಯೋಚನೆಯೂ ಬರುತ್ತದೆ.

ಕಾಲವನ್ನೂ ಗಮನಿಸಬೇಕು. ಲಿಯರನು ಉತ್ತರದಲ್ಲಿ ಸಂಚರಿಸುತ್ತಿದ್ದಾಗ ಬಿಹಾರದಲ್ಲಿ 1873–74ರ ಕ್ಷಾಮ ತಲೆದೋರಿತ್ತು. ಮಿತ್ರನಾದ ವೈಸರಾಯಿಗೆ ಅದೇ ದೊಡ್ಡ ಚಿಂತೆಯಾಗಿತ್ತು. ಬರ್ಮಾದಿಂದ ಅಕ್ಕಿ ತರಿಸಿದ್ದರಿಂದ ಅಲ್ಲಿ ಸಾವು ಬಹುಮಟ್ಟಿಗೆ ತಪ್ಪಿತು. ಮೈಸೂರಿನ ಭಾಗ್ಯ ಅಷ್ಟು ಒಳ್ಳೆಯದಾಗಿರಲಿಲ್ಲ. ಲಿಯರನು ಬೆಂಗಳೂರಿಗೆ ಬಂದಾಗ ಸಂಸ್ಥಾನವು 1831ರಿಂದ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಆತನು ಹೋದ ಎರಡೇ ವರ್ಷಗಳಲ್ಲಿ, 1876ರಿಂದ 78ರವರೆಗೆ, ಮಹಾಕ್ಷಾಮ ಬಂದೆರಗಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. 1874ರ ಮೈಸೂರು ಸೀಮೆಯ ಯಾವ ಚಿತ್ರವನ್ನು ನೋಡಿದರೂ ಈ ಲೆಕ್ಕ ನೆನಪಾಗದೆ ಇರದು. ಆ ಮೂಲೆಯಲ್ಲಿ ನಿಂತ ಸಣ್ಣ ಆಕಾರಗಳಲ್ಲಿ ಎಷ್ಟು ಮಂದಿ ನಾಲ್ಕು ವರ್ಷ ಬದುಕಿ ಉಳಿದರು? ಚಿತ್ರ ಅದನ್ನು ಹೇಳುವುದಿಲ್ಲ. ಹೇಳುವುದು ಅದರ ಕೆಲಸವೂ ಅಲ್ಲ. ಆದರೆ ಕೇಳುವುದು ನಮ್ಮ ಕೆಲಸ. ಏಕೆಂದರೆ ಆ ಚಿತ್ರಗಳನ್ನು ಕೊಂಡು ಗೋಡೆಗೆ ತೂಗುಹಾಕಿದವರ ಮೊಮ್ಮಕ್ಕಳಲ್ಲ ನಾವು. ಮೂಲೆಯಲ್ಲಿ ಕೊಡ ಹೊತ್ತು ನಿಂತವರ ಮೊಮ್ಮಕ್ಕಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನಾದುದರಿಂದ ಈ ಮಾತು ನನಗೆ ಪುಸ್ತಕದ ಮಾತಾಗಿ ತೋರುವುದಿಲ್ಲ.

ದೂರದ ಬೆಟ್ಟ ನುಣ್ಣಗೆ ಎಂದೆವಲ್ಲ, ಅದರ ಅರ್ಥ ಇದು. ಬಣ್ಣ ತಿಳಿಯಾದಂತೆ ಬಿರುಕು ಅಳಿಸಿಹೋಗುತ್ತದೆ. ಪ್ರವಾಸಿಯು ಎಷ್ಟೇ ಪ್ರಾಮಾಣಿಕನಾದರೂ ದೂರದಲ್ಲಿಯೇ ಕುಳಿತಿರುತ್ತಾನೆ.

ನಮ್ಮವರ ಜಲವರ್ಣ

ಹಾಗಾದರೆ ಹತ್ತಿರದಲ್ಲಿ ಕುಳಿತವರು ಯಾರೂ ಇಲ್ಲವೇ? ಇದ್ದಾರೆ. ಮೈಸೂರಿನ ಕೆ. ವೆಂಕಟಪ್ಪನವರು (1886–1965) ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1909ರಲ್ಲಿ ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ನಂದಲಾಲ ಬೋಸರು ಇವರ ಸಹಪಾಠಿಗಳು. ಊರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರ ಬಳಿ ವೀಣೆಯನ್ನೂ ಕಲಿತರು. 1926ರ ಸುಮಾರಿನಿಂದ ಅವರು ಉದಕಮಂಡಲದಲ್ಲಿ ತಂಗಿ ಬರೆದ ಜಲವರ್ಣ ಚಿತ್ರಗಳು ನಾಡಿನ ದೊಡ್ಡ ಆಸ್ತಿ. ಮಳೆ ಮೋಡ ಒಡೆಯುವ ಹೊತ್ತು, ಬೆಳದಿಂಗಳು, ಕಣಿವೆಯ ಮಂಜು ಇವನ್ನು ಅವರು ಬರೆದ ತಾಳ್ಮೆ ಬೆರಗು ಹುಟ್ಟಿಸುವಂತಹುದು. ಅದೇ ಗಿರಿಗಳನ್ನು 1874ರಲ್ಲಿ ಲಿಯರನೂ ಚಿತ್ರಿಸಿದ್ದನು. ಇಬ್ಬರೂ ದಿನಚರಿ ಬರೆಯುವ ಅಭ್ಯಾಸವುಳ್ಳವರು. ಇಬ್ಬರೂ ಒಂಟಿ ಜೀವಿಗಳು. ಆದರೆ ಲಿಯರನಿಗೆ ಮರುದಿನದ ಪ್ರಯಾಣದ ಅವಸರವಿತ್ತು; ವೆಂಕಟಪ್ಪನವರಿಗೆ ಇರಲಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯೇ ಇದೆ.

ಸ್ವಾತಂತ್ರ್ಯ ಹೋರಾಟದಲ್ಲಿ ಪಾಲ್ಗೊಂಡ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಬಿಟ್ಟ ಮರಗಳನ್ನೂ ಬೀದಿಗಳನ್ನೂ ಜಲವರ್ಣದಲ್ಲಿ ಹಿಡಿದಿಟ್ಟರು. ಅವರು ಬರೆದ ಮರಗಳಲ್ಲಿ ಎಷ್ಟೋ ಈಗ ಚಿತ್ರದಲ್ಲಿ ಮಾತ್ರ ಉಳಿದಿರಬೇಕು. ಬೆಂಗಳೂರಿಗಾದರೋ ಅದನ್ನು ಪ್ರೀತಿಸಿದ ಕಲಾವಿದರು ದೊರೆತರು. ಸಣ್ಣ ಊರುಗಳ ಗತಿಯೇನು?

ನಾವು ಮಾಡಬಹುದಾದುದು

ನಮ್ಮ ಹಿರೀಸಾವೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬೆಂಗಳೂರು–ಹಾಸನ ಹೆದ್ದಾರಿಯಲ್ಲಿ ದಿನಕ್ಕೆ ಸಾವಿರಾರು ಜನ ಈ ಊರನ್ನು ದಾಟಿ ಹೋಗುತ್ತಾರೆ. ಹೆದ್ದಾರಿ ಅಗಲವಾಗುವ ಮೊದಲು ಇಕ್ಕೆಲಗಳಲ್ಲಿ ಸಾಲುಮರಗಳಿದ್ದುದನ್ನು ಹಿರಿಯರು ಹೇಳುತ್ತಾರೆ. ಯಾವ ಮರ ಎಲ್ಲಿತ್ತು, ಅದರ ನೆರಳಿನಲ್ಲಿ ಯಾವ ವಾರದ ಸಂತೆಯ ಗಾಡಿಗಳು ನಿಲ್ಲುತ್ತಿದ್ದವು ಎಂಬುದನ್ನು ಯಾರೂ ಬರೆದಿಡಲಿಲ್ಲ. ತೆಂಗಿನ ತೋಟಗಳು ನುಸಿರೋಗದಿಂದಲೂ ಬರದಿಂದಲೂ ಸೊರಗಿ ಎಷ್ಟೋ ಕಡೆ ಬಯಲಾಗಿವೆ. ಸುತ್ತಿನ ಕೆರೆಗಳು ಯಾವ ವರ್ಷ ಕೋಡಿ ಬಿದ್ದವು, ಯಾವ ವರ್ಷ ಬಿರುಕು ಬಿಟ್ಟವು ಎಂಬುದು ಮುದುಕರ ನೆನಪಿನಲ್ಲಿ ಮಾತ್ರ ಇದೆ. ನಮ್ಮ ಅಜ್ಜಿಗೆ ಅಕ್ಷರ ಬಾರದು. ಆದರೆ ಹುಣಸೇಮರದ ಹೊಲ, ಕೆರೆಹಿಂದಲ ಗದ್ದೆ, ಕಲ್ಲುಬಾರೆ ಎಂದು ಒಂದೊಂದು ತುಂಡು ನೆಲಕ್ಕೂ ಆಕೆಯ ಬಳಿ ಒಂದು ಹೆಸರಿದೆ. ಅದನ್ನು ಉತ್ತವರ ಹೆಸರೂ ಇದೆ. ಹುಣಸೇಮರ ಹೋಗಿ ಎಷ್ಟೋ ಕಾಲವಾದರೂ ಹೊಲಕ್ಕೆ ಆ ಹೆಸರು ನಿಂತಿದೆ. ಲಿಯರನ ಚಿತ್ರದ ಅಂಚಿನಲ್ಲಿ ಇರದಿದ್ದ ಟಿಪ್ಪಣಿ ಇದೇ.

ಒಂದು ಕಡೆ, ದಿನ, ಗಂಟೆ, ಬಣ್ಣಗಳನ್ನು ತಪ್ಪದೆ ಬರೆದಿಡುವ ಪರದೇಶಿಯ ಶಿಸ್ತು. ಇನ್ನೊಂದು ಕಡೆ, ಹತ್ತಿರದವರಿಗೆ ಮಾತ್ರ ತಿಳಿದಿರುವ ಹೆಸರುಗಳು. ಎರಡೂ ಒಂದೇ ಕಾಗದದ ಮೇಲೆ ಕೂಡಿದರೆ ಎಂತಹ ದಾಖಲೆಯಾದೀತು! ಇದಕ್ಕೆ ದೊಡ್ಡ ಕಲಾವಿದರೇ ಆಗಬೇಕೆಂದಿಲ್ಲ. ಮೊಬೈಲಿನ ಚಿತ್ರಗಳಿಗೆ ಬರವಿಲ್ಲ ನಿಜ. ಆದರೆ ಅವುಗಳಲ್ಲಿ ಬಹುಪಾಲು ನಮ್ಮ ಮುಖಗಳ ಚಿತ್ರಗಳೇ ಹೊರತು ನಾವು ನಿಂತ ನೆಲದ ಚಿತ್ರಗಳಲ್ಲ. ಕಾಗದದ ಮುಂದೆ ಒಂದು ಗಂಟೆ ಕುಳಿತವನಿಗೆ ಬೆಟ್ಟದ ಯಾವ ಮಗ್ಗುಲಿಗೆ ಬಿಸಿಲು ಮೊದಲು ಬೀಳುತ್ತದೆಂಬುದು ತಿಳಿಯುತ್ತದೆ. ಗುಂಡಿ ಒತ್ತಿ ಹೋದವನಿಗೆ ತಿಳಿಯುವುದಿಲ್ಲ.

ನಮ್ಮ ಕಾಲೇಜಿಗೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನೂರಾರು ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ರಜೆಯಲ್ಲಿ ಊರಿಗೆ ಹೋದಾಗ ಒಬ್ಬೊಬ್ಬರು ತಮ್ಮ ಊರಿನ ಒಂದು ಕೆರೆಯನ್ನೋ, ಒಂದು ಗುಂಡುತೋಪನ್ನೋ, ಒಂದು ಹಳೆಯ ಬಾವಿಯನ್ನೋ ಕೈಲಾದಷ್ಟು ಚಿತ್ರಿಸಿ, ಅಂಚಿನಲ್ಲಿ ತಾರೀಖು, ಹೊತ್ತು, ಮಣ್ಣಿನ ಬಣ್ಣ, ಮರದ ಹೆಸರು, ಅಲ್ಲಿ ಕೆಲಸ ಮಾಡುತ್ತಿದ್ದವರು ಒಪ್ಪಿದರೆ ಅವರ ಹೆಸರು ಇಷ್ಟನ್ನು ಬರೆದು ತಂದರೆ, ನಮ್ಮ ಗ್ರಂಥಾಲಯದ ಒಂದು ಬೀರುವಿನಲ್ಲಿ ಅವುಗಳಿಗೆ ಜಾಗ ಸಿಕ್ಕೀತು. ಇತಿಹಾಸ ಮತ್ತು ಭೂಗೋಳ ವಿಭಾಗದ ಅಧ್ಯಾಪಕರು ಈ ವಿಷಯದಲ್ಲಿ ನಮಗೆ ಮಾರ್ಗದರ್ಶನ ಮಾಡಬೇಕೆಂದು ವಿನಯಪೂರ್ವಕವಾಗಿ ಬೇಡುತ್ತೇನೆ. ಜಲವರ್ಣವನ್ನು ಬಿಸಿಲಿಗೆ ಇಟ್ಟರೆ ಬಣ್ಣ ಮಾಸುತ್ತದೆ. ಕತ್ತಲ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟರೆ ನೂರಾರು ವರ್ಷ ಉಳಿಯುತ್ತದೆ. ನೆನಪಿನ ಸ್ಥಿತಿ ಹಾಗಲ್ಲ. ಅದನ್ನು ಎಲ್ಲಿ ಇಟ್ಟರೂ ಮಾಸುತ್ತದೆ; ಬರೆದಿಟ್ಟರೆ ಮಾತ್ರ ನಿಲ್ಲುತ್ತದೆ.

ಲಿಯರನು 1875ರ ಜನವರಿಯಲ್ಲಿ ಭಾರತವನ್ನು ಬಿಟ್ಟು, 1888ರಲ್ಲಿ ಇಟಲಿಯ ಸಾನ್ ರೆಮೊದಲ್ಲಿ ತೀರಿಕೊಂಡನು. ಕಣ್ಣು ಮಂದವಾಗಿದ್ದ ಆ ಮುದುಕನು ಅಷ್ಟು ದೂರದಿಂದ ಬಂದು ಅಷ್ಟನ್ನು ಕಂಡನು. ನಮ್ಮ ಊರಿನ ಬೆಟ್ಟ ನಮಗೆ ದೂರದ್ದಲ್ಲ. ಅದರ ಬಿರುಕುಗಳನ್ನೂ, ಬಿರುಕಿನಲ್ಲಿ ಬೇರುಬಿಟ್ಟ ಗಿಡವನ್ನೂ ನಾವು ಬಲ್ಲೆವು. ನೋಡಿ ಬರೆಯುವ ಶ್ರಮ ಮಾತ್ರ ಉಳಿದಿದೆ.